ಸ್ಪಷ್ಟನೆ: ಎಂಬತ್ತರ ದಶಕದ ಮೌಂಟನ್ ಬೈಕಿಗೆ ವಿ-ಬ್ರೇಕ್ ಕಾಲಕ್ಕೆ ತಕ್ಕದ್ದಲ್ಲ

ಪುಣೆಯ ನಮ್ಮ ಕನ್ನಡ ಸೈಕಲ್ ಗೆಳೆಯರ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಸುತ್ತುತ್ತಿದೆ: "ಎಂಬತ್ತರ ದಶಕದ ಮೌಂಟನ್ ಬೈಕ್ ರಿಪೇರಿಗೆ ವಿ-ಬ್ರೇಕ್ ಹಾಕಿ, ಆ ಕಾಲದ್ದೇ ಪಾರ್ಟು. ಹಳೇ ಲಿವರ್ ಬಿಚ್ಚಬೇಕಿಲ್ಲ." ಎರಡೂ ತಪ್ಪು. ಎರಡನೆಯದಂತೂ ಅಪಾಯ.

ವಿ-ಬ್ರೇಕ್ ಅಂದರೆ ಎರಡು ಉದ್ದ ತೋಳುಗಳನ್ನು ಕೇಬಲ್ ನೇರವಾಗಿ ಅಡ್ಡ ಎಳೆದು ರಿಮ್ಮನ್ನು ಹಿಡಿಯುವ ಬ್ರೇಕ್. ಜಪಾನಿನ ಸೈಕಲ್ ಪಾರ್ಟು ಕಂಪನಿ ಶಿಮಾನೊದ ಈ ಬ್ರೇಕ್ ಬಂದದ್ದು 1996ರ ಹೊತ್ತಿಗೆ. ಅದಕ್ಕೂ ಮೊದಲು ಹೆಚ್ಚಾಗಿ ಇದ್ದದ್ದು ಕ್ಯಾಂಟಿಲಿವರ್ (ಎರಡು ಗಿಡ್ಡ ತೋಳುಗಳನ್ನು ನಡುವಿನ ಕೇಬಲ್ ಮೇಲಕ್ಕೆಳೆಯುವ ಬ್ರೇಕ್), ಕೆಲವಕ್ಕೆ ಹಿಂದಿನ ಚಕ್ರಕ್ಕೆ ಯು-ಬ್ರೇಕ್ ಎಂಬ ಇನ್ನೊಂದು ಬಗೆ. ಫ್ರೇಮ್, ಫೋರ್ಕುಗಳಲ್ಲಿ ಕ್ಯಾಂಟಿಲಿವರ್ ಕೂರುವ ಗೂಟಗಳ ಮೇಲೆ ವಿ-ಬ್ರೇಕೂ ಸಾಮಾನ್ಯವಾಗಿ ಕೂರುತ್ತದೆ. ಗೊಂದಲ ಹುಟ್ಟಿದ್ದು ಬಹುಶಃ ಅಲ್ಲೇ. ಆದರೆ ವಿ-ಬ್ರೇಕಿಗೆ ಎಳೆಯಬೇಕಾದ ಕೇಬಲ್ ಉದ್ದ ಕ್ಯಾಂಟಿಲಿವರಿನ ಸುಮಾರು ಎರಡರಷ್ಟು. ಹಳೇ ಲಿವರ್ ಅಷ್ಟು ಎಳೆಯುವುದಿಲ್ಲ. ಪ್ಯಾಡನ್ನು ರಿಮ್ಮಿಗೆ ಅಂಟುವಷ್ಟು ಹತ್ತಿರ ಇಟ್ಟರೂ ಲಿವರ್ ಮೆತ್ತಗೆ ಹ್ಯಾಂಡಲ್‌ಗೆ ತಾಗಿಬಿಡುತ್ತದೆ. ಪುಣೆ ಹತ್ತಿರದ ಸಿಂಹಗಡ ಕೋಟೆಯ ಇಳಿಜಾರಿನಲ್ಲಿ ಇದನ್ನು ಪರೀಕ್ಷಿಸಬೇಡಿ ಮಾರಾಯ್ರೆ! ಓಡಿಸಲಿಕ್ಕೇ ವಿ-ಬ್ರೇಕ್ ಬೇಕೆಂದರೆ ಹಾಕಿಕೊಳ್ಳಿ, ತಪ್ಪೇನಿಲ್ಲ. ಲಿವರನ್ನೂ ಅದರದ್ದೇ ಹಾಕಿ.

ಪುಣೆಯ ಹಳೇ ಸಾಮಾನಿನ ಸಂತೆ ಜುನಾ ಬಜಾರಿನಲ್ಲಿ "ಒರಿಜಿನಲ್ ಹೈ" ಎಂದವರ ಮಾತಿಗಿಂತ ಪಾರ್ಟಿನ ಬೆನ್ನು ನೋಡುವುದು ಮೇಲು. ಆ ಕಾಲದ ಶಿಮಾನೊ ಪಾರ್ಟುಗಳ ಹಿಂಬದಿ ಎರಡು ಇಂಗ್ಲಿಷ್ ಅಕ್ಷರಗಳ ಅಚ್ಚು ಇರುತ್ತದೆ. ಮೊದಲನೆಯದು ವರ್ಷ, 1976ಕ್ಕೆ ‘ಎ’ಯಿಂದ ಶುರು, ಎರಡನೆಯದು ತಿಂಗಳು, ಜನವರಿಗೆ ‘ಎ’. ‘ಎನ್‌ಸಿ’ ಅಂದರೆ 1989ರ ಮಾರ್ಚ್. ಗ್ರೀಸ್ ಒರೆಸಿ, ಟಾರ್ಚ್ ಹಿಡಿದು ನೋಡಿ.

ಬ್ರೇಕ್ ಪ್ಯಾಡ್, ಕೇಬಲ್ ಮಾತ್ರ ಹೊಸದೇ ಇರಲಿ. ಮೂವತ್ತು ವರ್ಷದ ರಬ್ಬರ್ ಕಲ್ಲಾಗಿರುತ್ತದೆ.