ಕೊಲೆಸ್ಟ್ರಾಲ್ ನಾರ್ಮಲ್ ಬಂತು ಅಂತ ಲಕ್ವ ಆದವರ ಮಾತ್ರೆ ನಿಲ್ಲಿಸಬೇಡಿ

ಲಕ್ವ ಹೊಡೆದು ಆಸ್ಪತ್ರೆಯಿಂದ ಮನೆಗೆ ಬಂದು ಎರಡು ಮೂರು ತಿಂಗಳಾಗಿರುತ್ತೆ. ರಕ್ತ ಪರೀಕ್ಷೆಯಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 65 ಬರುತ್ತೆ. "ನಾರ್ಮಲ್ ಆಯ್ತಲ್ಲ, ಇನ್ಯಾಕೆ" ಅಂತ ಮನೆಯವರೇ ಅಟೋರ್ವಾಸ್ಟಾಟಿನ್ (ಕೊಲೆಸ್ಟ್ರಾಲ್ ಇಳಿಸುವ 'ಸ್ಟ್ಯಾಟಿನ್' ಗುಂಪಿನ ಮಾತ್ರೆ) ನಿಲ್ಲಿಸುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಇದು ತೀರಾ ಸಾಮಾನ್ಯ. ಆ 65 ಬಂದಿದ್ದೇ ಮಾತ್ರೆಯಿಂದ. ಬಿಟ್ಟರೆ ಕೆಲವೇ ವಾರಗಳಲ್ಲಿ ಮತ್ತೆ ಹಳೇ ಮಟ್ಟಕ್ಕೆ ಏರುತ್ತೆ. ನಾಟಿ ಔಷಧಿಯ ಪಥ್ಯ ಅಂತ ಎಲ್ಲ ಮಾತ್ರೆ ಬಿಡಿಸುವುದಂತೂ ಇನ್ನೂ ಅಪಾಯ.

ನಾವಿಲ್ಲಿ ಹೇಳುತ್ತಿರುವುದು ರಕ್ತನಾಳ ಕಟ್ಟಿಕೊಂಡು ಆದ ಲಕ್ವದ ಬಗ್ಗೆ. ಡಿಸ್ಚಾರ್ಜ್ ಚೀಟಿಯಲ್ಲಿ 'ಇನ್‌ಫಾರ್ಕ್ಟ್' ಅಂತ ಇರುತ್ತೆ. 'ಹೆಮರೇಜ್' (ಮೆದುಳಲ್ಲಿ ರಕ್ತಸ್ರಾವ) ಅಂತಿದ್ದರೆ ಲೆಕ್ಕ ಬೇರೆ, ಸ್ಟ್ಯಾಟಿನ್ ಬೇಕೋ ಬೇಡವೋ ಅಂತ ನರರೋಗ ತಜ್ಞರೇ ತೀರ್ಮಾನಿಸಬೇಕು.

ಈ ಮಾತ್ರೆ ಬಿದ್ದ ಕೈಯನ್ನು ಎತ್ತಿಸಲ್ಲ. ಅದು ಫಿಸಿಯೋಥೆರಪಿಯ ಕೆಲಸ, ಮೊದಲ ಮೂರು ತಿಂಗಳಲ್ಲೇ ಹೆಚ್ಚಿನ ಚೇತರಿಕೆ. ಕತ್ತಿನ, ಮೆದುಳಿನ ರಕ್ತನಾಳದಲ್ಲಿ ಕಟ್ಟಿರುವ ಕೊಬ್ಬಿನ ಗಡ್ಡೆ ಒಡೆಯದಂತೆ ಗಟ್ಟಿ ಮಾಡುವುದು ಮಾತ್ರೆಯ ಕೆಲಸ. 2006ರ ಸ್ಪಾರ್ಕಲ್ ಅಧ್ಯಯನದಲ್ಲಿ ಸುಮಾರು 5 ವರ್ಷ ದಿನಕ್ಕೆ 80 ಮಿ.ಗ್ರಾಂ. ಅಟೋರ್ವಾಸ್ಟಾಟಿನ್ ತೆಗೆದುಕೊಂಡವರಲ್ಲಿ ಮತ್ತೆ ಲಕ್ವ ಆದದ್ದು ಶೇ. 11.2, ಬರೀ ಹುಸಿ ಮಾತ್ರೆ ನುಂಗಿದವರಲ್ಲಿ ಶೇ. 13.1. ವ್ಯತ್ಯಾಸ ಚಿಕ್ಕದು ಅನಿಸಬಹುದು, ಆದರೆ ಕಷ್ಟಪಟ್ಟು ಕಲಿತ ನಡಿಗೆಯನ್ನು ಎರಡನೇ ಲಕ್ವ ಒಂದೇ ರಾತ್ರಿಯಲ್ಲಿ ಕಿತ್ತುಕೊಳ್ಳುತ್ತೆ. ಲ್ಯಾಬ್ ಚೀಟಿಯ 'ನಾರ್ಮಲ್' ಆರೋಗ್ಯವಂತರಿಗೆ. ರಕ್ತನಾಳ ಕಿರಿದಾಗಿ ಲಕ್ವ ಆದವರಿಗೆ ಎಲ್‌ಡಿಎಲ್ ಗುರಿ 70ಕ್ಕಿಂತ ಕಡಿಮೆ.

ಮಾತ್ರೆ ಕಣ್ತಪ್ಪಿ ನಿಲ್ಲುವುದೂ ಉಂಟು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಜೊತೆಗೆ ಅಟೋರ್ವಾಸ್ಟಾಟಿನ್ ಮೂರೂ ಸೇರಿದ ಒಂದೇ ಕ್ಯಾಪ್ಸೂಲ್ ಕೊಟ್ಟಿರುತ್ತಾರೆ. ಸಾಮಾನ್ಯವಾಗಿ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಜೋಡಿ ಬೇಕಾಗುವುದು 21ರಿಂದ 90 ದಿನ, ಆಮೇಲೆ ಒಂದೇ ಸಾಕು. ಆಗ ಕ್ಯಾಪ್ಸೂಲ್ ಬಿಟ್ಟು ಬರೀ ಆಸ್ಪಿರಿನ್ ಹಿಡಿದರೆ ಸ್ಟ್ಯಾಟಿನ್ನೂ ಅದರ ಜೊತೆಗೇ ಹೋಯಿತು. ಬಿಡದೆ ವರ್ಷಗಟ್ಟಲೆ ಆ ಕ್ಯಾಪ್ಸೂಲನ್ನೇ ನುಂಗಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಭಯ. ಜೊತೆಗೆ ಇಂಥ ಕ್ಯಾಪ್ಸೂಲ್‌ಗಳಲ್ಲಿ ಅಟೋರ್ವಾಸ್ಟಾಟಿನ್ ಹೆಚ್ಚಾಗಿ 10 ಅಥವಾ 20 ಮಿ.ಗ್ರಾಂ. ಮಾತ್ರ. ಸ್ಟ್ರಿಪ್ ಹಿಂದೆ ಬರೆದಿರುವುದನ್ನು ಓದಿ, ಔಷಧಿ ಬದಲಾದಾಗಲೆಲ್ಲ "ಇದರಲ್ಲಿ ಸ್ಟ್ಯಾಟಿನ್ ಇದೆಯಾ, ಎಷ್ಟಿದೆ" ಅಂತ ಕೇಳಿ.

ಇನ್ನು ನೋವು. ಸ್ಟ್ಯಾಟಿನ್ ನೋವು ಸಾಮಾನ್ಯವಾಗಿ ಎರಡೂ ತೊಡೆ, ಎರಡೂ ಮೀನಖಂಡದಲ್ಲಿ ಬರುತ್ತೆ, ಶುರುಮಾಡಿದ ಅಥವಾ ಡೋಸ್ ಏರಿಸಿದ ಕೆಲವು ವಾರಗಳಲ್ಲಿ. ಲಕ್ವ ಹೊಡೆದ ಕಡೆಯ ಭುಜ ಮಾತ್ರ ನೋಯುತ್ತಿದ್ದರೆ ಅದು ಕೀಲು ಜಾರಿರುವುದರಿಂದ, ಅಥವಾ ಎಬ್ಬಿಸುವಾಗ ಆ ಕೈ ಹಿಡಿದು ಎಳೆಯುವುದರಿಂದ ಇರಬಹುದು. ಬಾಗೇಪಲ್ಲಿ, ಪಾವಗಡದ ಕಡೆ ಫ್ಲೋರೈಡ್ ನೀರು ಕುಡಿದು ಸೊಂಟ, ಕತ್ತು, ಮಂಡಿ ಹಿಡಿದುಕೊಂಡವರು ಎಷ್ಟೋ ಜನ. ಮಾತ್ರೆಗೂ ಮುಂಚಿನಿಂದ ಇದ್ದ ಆ ನೋವಿನ ತಪ್ಪನ್ನು ಮಾತ್ರೆ ಮೇಲೆ ಹಾಕುವುದು ನ್ಯಾಯವಲ್ಲ. ಸಂಶಯವಿದ್ದರೆ ಸಿಕೆ (ಸ್ನಾಯುಗಳಿಗೆ ಪೆಟ್ಟಾಗಿದೆಯಾ ಅಂತ ತಿಳಿಸುವ ರಕ್ತ ಪರೀಕ್ಷೆ), ಥೈರಾಯ್ಡ್, ವಿಟಮಿನ್ ಡಿ ನೋಡಿಸಿ. ಸಿಕೆ ಮೇಲ್ಮಿತಿಯ ಹತ್ತು ಪಟ್ಟು ದಾಟಿದರೆ ನಿಲ್ಲಿಸಲೇಬೇಕು. ಅದಕ್ಕಿಂತ ಕಡಿಮೆ ಇದ್ದು ನೋವು ಸಹಿಸಲಾಗದಿದ್ದರೆ ವೈದ್ಯರು ಕೆಲ ವಾರ ಬಿಡಿಸಿ ಕಡಿಮೆ ಡೋಸ್‌ನಿಂದ ಮತ್ತೆ ಶುರುಮಾಡಬಹುದು, ಇಲ್ಲವೇ ಇನ್ನೊಂದು ಸ್ಟ್ಯಾಟಿನ್ ಆದ ರೋಸುವಾಸ್ಟಾಟಿನ್ 5 ಮಿ.ಗ್ರಾಂ. ಕೊಟ್ಟು ನೋಡಬಹುದು. ಕಡಿಮೆ ಡೋಸ್‌ನಲ್ಲಿ ಗುರಿ ಮುಟ್ಟದಿದ್ದರೂ ದಾರಿಯಿದೆ: ಸ್ಟ್ಯಾಟಿನ್ ಡೋಸ್ ದುಪ್ಪಟ್ಟು ಮಾಡಿದರೆ ಎಲ್‌ಡಿಎಲ್ ಇಳಿಯುವುದು ಇನ್ನೊಂದು ಶೇ. 6ರಷ್ಟೇ, ಸ್ಟ್ಯಾಟಿನ್ ಅಲ್ಲದ ಕೊಲೆಸ್ಟ್ರಾಲ್ ಮಾತ್ರೆ ಎಜೆಟಿಮೈಬ್ 10 ಮಿ.ಗ್ರಾಂ. ಸೇರಿಸಿದರೆ ಸುಮಾರು ಶೇ. 20.

ಕೆಮ್ಮಿಗೆ ಅಂತ ಕ್ಲಾರಿಥ್ರೋಮೈಸಿನ್, ಹುಳುಕಡ್ಡಿಗೆ ಅಂತ ಇಟ್ರಾಕೊನಜೋಲ್ ಬರೆದರೆ ಅಟೋರ್ವಾಸ್ಟಾಟಿನ್ ನುಂಗುತ್ತಿರುವುದನ್ನು ಅಲ್ಲೇ ಹೇಳಿ, ಅವು ಇದರ ಮಟ್ಟವನ್ನು ರಕ್ತದಲ್ಲಿ ಏರಿಸುತ್ತವೆ. ಮೈಕೈ ನೋವಿನ ಜೊತೆ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ.