ಕಾರು ಗುಡ್ಡದ ಮೇಲಿರಲಿ, ನಾವು ನಡೆದು ಇಳಿಯೋಣ

ಒಂದು ಊರಿನೊಳಗೆ ಕಾಲಿಡಲು ಟಿಕೆಟ್ ತೆಗೆದುಕೊಳ್ಳಿ ಅಂದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಮ್ಯೂಸಿಯಂ ಅಲ್ಲ, ಪಾರ್ಕ್ ಅಲ್ಲ, ಜನ ಸಂಸಾರ ಮಾಡಿಕೊಂಡಿರುವ ಊರು. ಕುಂದಾಪುರದಿಂದ ಬಂದಿದ್ದ ಅಮ್ಮ ಕೌಂಟರ್ ಎದುರಿಗೇ ಕೇಳಿದರು, "ಊರೊಳಗೆ ಹೋಪುಕೂ ಟಿಕೇಟಾ ಮಗಾ?" ಏನು ಹೇಳಬೇಕೋ ತೋಚಲಿಲ್ಲ. ದುಡ್ಡು ಕೊಟ್ಟು ಒಳಗೆ ಹೋದೆವು.

ಇಂಗ್ಲೆಂಡಿನ ಡೆವನ್ ಜಿಲ್ಲೆಯ ಉತ್ತರ ಕರಾವಳಿಯ ಕ್ಲೊವೆಲ್ಲಿ ಅದು. ಬ್ರಿಸ್ಟಲ್‌ನಿಂದ ಬೆಳಿಗ್ಗೆ ಹೊರಟು ರಾತ್ರಿಯೊಳಗೆ ಮನೆ ಸೇರುವ ಲೆಕ್ಕದಲ್ಲಿ ಹೋಗಿದ್ದೆವು. ಕಾರನ್ನು ಗುಡ್ಡದ ಮೇಲೇ ಬಿಡಬೇಕು. ಅಲ್ಲಿಂದ ಬಂದರಿನ ಕಟ್ಟೆಯವರೆಗೆ ಒಂದೇ ಮುಖ್ಯ ಬೀದಿ. ಕಡಿದಾದ ಇಳಿಜಾರು, ಉರುಟು ಕಲ್ಲು ಹಾಸಿದ ದಾರಿ, ಎರಡೂ ಬದಿಗೆ ಬಿಳಿ ಗೋಡೆಯ ಪುಟ್ಟ ಮನೆಗಳು. ಕೆಲವು ಮನೆಗಳ ಮೇಲೆ ಇಸವಿಯ ಜೊತೆ ಎರಡು ಅಕ್ಷರ ಕೆತ್ತಿದೆ. ಕಳೆದ ಶತಮಾನದ ಆರಂಭದಲ್ಲಿ ಇವನ್ನೆಲ್ಲ ರಿಪೇರಿ ಮಾಡಿಸಿದ ಕ್ರಿಸ್ಟೀನ್ ಹ್ಯಾಮ್ಲಿನ್ ಎಂಬ ಯಜಮಾನಿಯ ಗುರುತು ಅದು.

ಆ ಬೀದಿಯಲ್ಲಿ ಕಾರು ಓಡುವುದಿಲ್ಲ. ಹಿಂದೆ ಕತ್ತೆಗಳು ಸಾಮಾನು ಹೊರುತ್ತಿದ್ದವು. ಈಗ ಜನರೇ ಚಕ್ರವಿಲ್ಲದ ಜಾರುಬಂಡಿಯಲ್ಲಿ ಸಾಮಾನು ಇಟ್ಟು ಕಲ್ಲಿನ ಮೇಲೆ ಎಳೆದುಕೊಂಡು ಹೋಗುತ್ತಾರೆ. ತರಕಾರಿಯಾದರೂ ಅಷ್ಟೇ, ಸೋಫಾ ಆದರೂ ಅಷ್ಟೇ. ನಮ್ಮೆದುರಿಗೇ ಒಬ್ಬರು ದಿನಸಿ ತುಂಬಿದ ಬಂಡಿ ಇಳಿಸುತ್ತಾ ಬಂದರು. ಪ್ರವಾಸಿಗಳೆಲ್ಲ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟೆವು. ಊರಿನವರು ಕೆಲಸದ ಮೇಲೆ ಹೋಗುತ್ತಿದ್ದಾರೆ, ನೋಡಲು ಬಂದವರು ಬದಿಗೆ ನಿಲ್ಲುತ್ತಿದ್ದಾರೆ. ನನ್ನ ಸಿಟ್ಟು ಇಳಿದದ್ದು ಅಲ್ಲಿ.

ಅರ್ಧ ದಾರಿಯಲ್ಲಿ ಅಮ್ಮ ಸುಸ್ತಾಗಿ ಒಂದು ಬೆಂಚಿನ ಮೇಲೆ ಕೂತರು. ಪಕ್ಕದ ಮನೆಯ ಅಜ್ಜಿ ಗಿಡಗಳಿಗೆ ನೀರು ಹಾಕುತ್ತಿದ್ದವರು ಮಾತಿಗೆ ನಿಂತರು. ನಾನು ಮಧ್ಯೆ ನಿಂತು ಅಲ್ಲಿಂದಿಲ್ಲಿಗೆ ಮಾತು ದಾಟಿಸಿದೆ. ಈ ಊರು ಬದುಕಿದ್ದೇ ಹೆರಿಂಗ್ ಮೀನಿನಿಂದ ಅಂತ ಅಜ್ಜಿ ಹೇಳಿದರು. ಹೆರಿಂಗ್ ನಮ್ಮ ಬೂತಾಯಿಯ ಬಳಗದ್ದೇ. ಅಮ್ಮ ಕೈಯಲ್ಲಿ ಅಳತೆ ತೋರಿಸಿದರು, ಅವರೂ ತೋರಿಸಿದರು, ಇಬ್ಬರೂ ನಕ್ಕರು. ಹಿಂದಿನಿಂದ ಹಾರ್ನ್ ಹೊಡೆಯುವವರು ಯಾರೂ ಇರಲಿಲ್ಲ. ಕಾರಿನಲ್ಲಿ ನೇರ ಬಂದರಿಗೇ ಇಳಿದಿದ್ದರೆ ಆ ಬೆಂಚೂ ಸಿಗುತ್ತಿರಲಿಲ್ಲ, ಆ ಮಾತೂ ಇರುತ್ತಿರಲಿಲ್ಲ.

ಈಗ ನಮ್ಮ ಕಡೆಗೆ ಬನ್ನಿ. ಉಡುಪಿ ಹತ್ತಿರದ ಮೀನುಗಾರರ ಊರು ಕೋಡಿ ಬೆಂಗ್ರೆ ನನಗೆ ಚಿಕ್ಕಂದಿನಿಂದ ಗೊತ್ತು. ಒಂದು ಕಡೆ ಕಡಲು, ಇನ್ನೊಂದು ಕಡೆ ಸುವರ್ಣಾ ನದಿ, ನಡುವೆ ಸಣ್ಣ ಪಟ್ಟಿಯಂಥ ನೆಲ. ಅದರ ತುದಿಯಲ್ಲಿ ಹೊಳೆ ಕಡಲು ಸೇರುವ ಅಳಿವೆ. ಅಂಥ ಜಾಗ ಇಂಗ್ಲೆಂಡಿನಲ್ಲಿದ್ದಿದ್ದರೆ ತಲೆ ಮೇಲೆ ಹೊತ್ತುಕೊಳ್ಳುತ್ತಿದ್ದರು. ಹೋದ ಸಲ ರಜೆಗೆ ಬಂದಾಗ ಭಾನುವಾರ ಸಂಜೆ ಹೋಗಿದ್ದೆವು. ಇರುವ ಒಂದು ಸಣ್ಣ ರಸ್ತೆಯಲ್ಲಿ ಎರಡೂ ಕಡೆಯಿಂದ ಕಾರುಗಳು ಮುಖಾಮುಖಿ. ಒಣಮೀನು ಹರವಿದ್ದ ಜಾಗದ ಮೇಲೆ ಯಾರೋ ಚಕ್ರ ಹತ್ತಿಸಿದ್ದರು. ಬುಟ್ಟಿ ಹಿಡಿದ ಹೆಂಗಸೊಬ್ಬರು ತಮ್ಮ ಮನೆಯಂಗಳಕ್ಕೆ ದಾಟಲು ಕಾಯುತ್ತಾ ನಿಂತಿದ್ದರು. ತಮ್ಮದೇ ಊರಿನಲ್ಲಿ, ತಮ್ಮದೇ ಮನೆಗೆ! ಆ ದೃಶ್ಯ ನೆನಪಾದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನಮಗೆ ಕಡಲು ಅಂದರೆ ಕಾರಿನ ಬಾಗಿಲು ತೆಗೆದ ಕೂಡಲೇ ಕಾಲಿಗೆ ಮರಳು ಸಿಗಬೇಕು. ಮರವಂತೆಯಲ್ಲಿ ಹೆದ್ದಾರಿಯೇ ಕಡಲಿಗೆ ತಾಗಿಕೊಂಡಿದೆ, ಆಚೆ ಬದಿಗೆ ಸೌಪರ್ಣಿಕಾ, ಅದು ಬೇರೆ ಮಾತು. ಆದರೆ ಎಲ್ಲ ಊರೂ ಮರವಂತೆ ಆಗಬೇಕಾ?

ನಮ್ಮವರಿಗೆ ನಡೆಯುವ ಅಭ್ಯಾಸ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಉಡುಪಿಯ ರಥಬೀದಿಗೆ ಹೋಗುವಾಗ ಗಾಡಿ ದೂರ ನಿಲ್ಲಿಸಿ ನಡೆದೇ ಹೋಗುತ್ತೇವೆ. ಸೇಂಟ್ ಮೇರೀಸ್ ದ್ವೀಪಕ್ಕೆ ಮಲ್ಪೆಯಿಂದ ಟಿಕೆಟ್ ತೆಗೆದು, ಸಾಲಿನಲ್ಲಿ ನಿಂತು, ಬೋಟ್ ಹತ್ತುತ್ತೇವೆ. ಯಾರೂ ಗೊಣಗುವುದಿಲ್ಲ. ಹಾಗಾದರೆ ಮೀನುಗಾರರ ಊರಿಗೆ ಮಾತ್ರ ಯಾಕೆ ಆ ಮರ್ಯಾದೆ ಇಲ್ಲ?

ಕಾರು ಊರ ಹೊರಗೇ ಬಿಟ್ಟು ನಡೆಯೋಣ ಅಂದರೆ, ವಯಸ್ಸಾದವರು ಏನು ಮಾಡಬೇಕು ಅಂತ ನಮ್ಮ ಭಾವ ಕೇಳಿದರು. ನ್ಯಾಯವಾದ ಪ್ರಶ್ನೆ. ಕ್ಲೊವೆಲ್ಲಿಯಲ್ಲಿ ಬಂದರಿನಿಂದ ಮೇಲಕ್ಕೆ ಊರ ಹಿಂದಿನ ದಾರಿಯಲ್ಲಿ ಲ್ಯಾಂಡ್ ರೋವರ್ ಓಡಿಸುತ್ತಾರೆ, ಸ್ವಲ್ಪ ದುಡ್ಡು ಕೊಟ್ಟರೆ ಆಯಿತು. ಮಂಡಿನೋವಿನ ಅಮ್ಮ ಅದರಲ್ಲೇ ಮೇಲೆ ಬಂದರು. ನಮ್ಮಲ್ಲಿ ಆ ಕೆಲಸಕ್ಕೆ ಊರಿನ ರಿಕ್ಷಾಗಳೇ ಸಾಕು. ಬಾಡಿಗೆಯೂ ಊರಿನವರಿಗೇ ಸಿಗುತ್ತದೆ.

ಒಂದು ಸಂಗತಿ ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಕ್ಲೊವೆಲ್ಲಿ ಇಷ್ಟು ಚಂದವಾಗಿ ಉಳಿದಿರುವುದಕ್ಕೆ ಕಾರಣ, ಇಡೀ ಊರು ಒಂದೇ ಮನೆತನದ ಆಸ್ತಿ. ಹ್ಯಾಮ್ಲಿನ್ ಮನೆತನ 1738ರಲ್ಲಿ ಅದನ್ನು ಕೊಂಡಿತು, ಈಗಲೂ ಅವರ ವಂಶದ ಕೈಯಲ್ಲೇ ಇದೆ. ಅಲ್ಲಿರುವವರು ಬಾಡಿಗೆದಾರರು. ಗೇಟು ಹಾಕಿ ಟಿಕೆಟ್ ಕೇಳುವುದು ಸಾಧ್ಯವಾಗಿದ್ದೂ ಅದಕ್ಕೇ. ಆ ದುಡ್ಡಿನಿಂದ ಮನೆಗಳ ರಿಪೇರಿ ನಡೆಯುತ್ತದೆ ಅನ್ನುತ್ತಾರೆ, ಇರಲಿ. ಕೋಡಿ ಬೆಂಗ್ರೆಗೆ ಒಬ್ಬ ಧಣಿ ಬರುವುದು ನನಗೆ ಬೇಡವೇ ಬೇಡ.

ಇನ್ನೊಂದು ಮಾತು. ಕ್ಲೊವೆಲ್ಲಿಯ ಬಂದರಿನಲ್ಲಿ ಈಗ ದೋಣಿಗಳು ಬಹಳ ಕಡಿಮೆ. ಒಂದು ಕಾಲದಲ್ಲಿ ಊರಿಗೆ ಅನ್ನ ಹಾಕಿದ ಹೆರಿಂಗ್ ಹೆಸರಿನಲ್ಲಿ ನವೆಂಬರ್‌ನಲ್ಲಿ ಒಂದು ಹಬ್ಬ ನಡೆಯುತ್ತದೆ. ನಮ್ಮಲ್ಲಿ ಹಾಗಲ್ಲ. ಮಲ್ಪೆ ಬಂದರಿನಲ್ಲಿ ಬೆಳಿಗ್ಗೆ ಕಾಲಿಡಲು ಜಾಗ ಇರುವುದಿಲ್ಲ. ಐಸ್ ಬರಬೇಕು, ಮೀನು ಹೋಗಬೇಕು, ಲಾರಿ ಬೇಕೇ ಬೇಕು. ಬೆಂಗ್ರೆಯಲ್ಲೂ ಜನ ಇನ್ನೂ ಬಲೆಯನ್ನೇ ನಂಬಿಕೊಂಡಿದ್ದಾರೆ. ಅವರ ಗಾಡಿ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ನಮ್ಮಂಥವರ ಗಾಡಿ ನಿಲ್ಲಿಸಿ. ಊರ ಹೊರಗೆ ಒಂದು ಗದ್ದೆಯಷ್ಟು ಜಾಗ ನೋಡಿ ಪಂಚಾಯ್ತಿಯವರು ಪಾರ್ಕಿಂಗ್ ಮಾಡಲಿ, ದುಡ್ಡು ತೆಗೆದುಕೊಳ್ಳಲಿ, ಅದು ಊರಿಗೇ ಹೋಗಲಿ.

ಮುಂದಿನ ರಜೆಯಲ್ಲಿ ಕಾರನ್ನು ಹಂಗಾರಕಟ್ಟೆಯಲ್ಲೇ ಬಿಟ್ಟು, ಹೊಳೆ ದಾಟಿ ಬೆಂಗ್ರೆಗೆ ಹೋಗೋಣ ಅಂತ ಮನೆಯಲ್ಲಿ ಹೇಳಿದ್ದೇನೆ. ಅಮ್ಮ ಕೂಡಲೇ ಹ್ಞೂಂ ಅಂದರು. ಭಾವ ಮಾತ್ರ ಒಪ್ಪಿಲ್ಲ. ಮಕ್ಕಳ ಬಟ್ಟೆ, ಊಟದ ಡಬ್ಬಿ, ಚಾಪೆ ಎಲ್ಲ ಯಾರು ಹೊರುವುದು ಅಂತ ಫೋನ್ ಮಾಡಿದಾಗಲೆಲ್ಲ ಕೇಳುತ್ತಾರೆ. ನಾನು ಹೊರುತ್ತೇನೆ ಅಂದಿದ್ದೇನೆ.