ಲೋಟದಲ್ಲಿ ಉಗುಳಿ ನೋಡಿ ರೊಟ್ಟಿ ಬಿಡಬೇಡಿ

ಬೆಳಿಗ್ಗೆ ಎದ್ದವರೇ ಲೋಟದ ನೀರಿಗೆ ಉಗುಳಿ, ಎಳೆ ಎಳೆಯಾಗಿ ಕೆಳಗಿಳಿದರೆ ಹೊಟ್ಟೆಯಲ್ಲಿ ಈಸ್ಟ್ ಹೆಚ್ಚಾಗಿದೆ, ಜೋಳದ ರೊಟ್ಟಿ, ಮೊಸರು, ಶೇಂಗಾ ನಿಮಗೆ ಒಗ್ಗುವುದಿಲ್ಲ, ಇವತ್ತೇ ಬಿಡಿ ಎಂಬ ಸಂದೇಶ ವಿಜಯಪುರ, ಬಾಗಲಕೋಟೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ರಾತ್ರಿ ಬಾಯಿ ಒಣಗಿ ಜೊಲ್ಲು ಗಟ್ಟಿಯಾಗುತ್ತದೆ, ಅದರಲ್ಲಿನ ಲೋಳೆ ನೀರಿನಲ್ಲಿ ಇಳಿಯುತ್ತದೆ, ಅಷ್ಟೇ. ಕ್ಯಾಂಡಿಡಾ ಎಂಬ ಈಸ್ಟ್ ಆರೋಗ್ಯವಂತರ ಬಾಯಿ, ಕರುಳಿನಲ್ಲೂ ಇರುತ್ತದೆ.

ರೊಟ್ಟಿಯ ಮೇಲಿನ ಆರೋಪವಂತೂ ಬೇಸರ ತರಿಸುತ್ತದೆ. ಬಿಸಿನೀರಿನಲ್ಲಿ ಹಿಟ್ಟು ನಾದಿ, ಆಗಲೇ ಬಡಿದು ಹಂಚಿಗೆ ಹಾಕುವ ರೊಟ್ಟಿಗೆ ಈಸ್ಟ್ ಎಲ್ಲಿಂದ ಬರಬೇಕು? ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಕೂಡ ಜೋಳದಲ್ಲಿ ಇಲ್ಲ.

ಈಸ್ಟ್ ಪಥ್ಯ ಹಿಡಿದವರು ಸಕ್ಕರೆ, ಬ್ರೆಡ್, ಹಾಲು ಎಲ್ಲವನ್ನೂ ಒಮ್ಮೆಲೇ ಬಿಡುತ್ತಾರೆ. ಹೊಟ್ಟೆ ಹಗುರಾದರೆ ಯಾವುದರಿಂದ ಎಂದು ಹೇಗೆ ತಿಳಿಯಬೇಕು? ಅನುಮಾನದ ಪದಾರ್ಥಗಳನ್ನು 2ರಿಂದ 4 ವಾರ ಬಿಟ್ಟು, ಆಮೇಲೆ ಒಂದೊಂದನ್ನೇ ಮರಳಿ ತಿನ್ನಿ. ಎರಡರ ನಡುವೆ ಮೂರು ದಿನ ಬಿಡಿ. ತಿಂದದ್ದು, ಹೊಟ್ಟೆಯುಬ್ಬರ, ತುರಿಕೆ ಎಲ್ಲ ಬರೆದಿಡಿ. ಹಾಲು ಕುಡಿದರೆ ಹೊಟ್ಟೆ ಕೆಡುವ ಎಷ್ಟೋ ಮಂದಿಗೆ ಮೊಸರು ಒಗ್ಗುತ್ತದೆ. ಮೊಸರಾಗುವಾಗ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಕಡಿಮೆಯಾಗಿರುತ್ತದೆ.

ಯಾವ ಆಹಾರ ಒಗ್ಗುವುದಿಲ್ಲ ಎಂದು ತಿಳಿಯಲು ದುಡ್ಡು ಕೊಟ್ಟು ಮಾಡಿಸುವ ಐಜಿಜಿ (ಆಹಾರದ ವಿರುದ್ಧದ ಒಂದು ಬಗೆಯ ಪ್ರತಿಕಾಯ) ರಕ್ತಪರೀಕ್ಷೆಯಿಂದಲೂ ಉಪಯೋಗವಿಲ್ಲ. ನೀವು ಆ ಆಹಾರವನ್ನು ತಿಂದಿದ್ದೀರಿ ಎಂಬುದಷ್ಟೇ ಅದರಲ್ಲಿ ಕಾಣುವುದು. ಗೋಧಿಯ ಗ್ಲುಟೆನ್‌ನಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆಯ ಅನುಮಾನವಿದ್ದರೆ ಗೋಧಿ ಬಿಡುವ ಮೊದಲೇ ರಕ್ತ ಕೊಡಿ. ಬಿಟ್ಟ ಮೇಲೆ ಪರೀಕ್ಷೆ ಸುಳ್ಳು ಹೇಳಬಹುದು. ಶೇಂಗಾ ತಿಂದು ತುಟಿ ಊದಿದವರು, ಉಸಿರು ಕಟ್ಟಿದವರು ಮನೆಯಲ್ಲಿ ಮತ್ತೆ ತಿಂದು ನೋಡಲೇಬೇಡಿ, ವೈದ್ಯರ ಬಳಿ ಹೋಗಿ.